ಅರವತ್ಮೂರನೆಯ ವಾಕ್ಯ

ಬಾಲಕಿಯರ ವಸತಿ ಶಾಲೆ,
ಕಲಘಟಗಿ ತಾಲೂಕು
ರವಿವಾರ, 21-7-2024

ದೊಡ್ಡಪ್ಪನವರಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ಶೈಲಶ್ರೀ, ತಂಬೂರಿನ ಗೌರೀಶನ ಮಗಳು, ಅಂದರೆ ನಿಮ್ಮ ತಮ್ಮನ ಮಗಳು. ಹತ್ತನೆಯ ತರಗತಿ. ಇಲ್ಲಿ ಮೊಬೈಲ್ ಇಟ್ಟುಕೊಳ್ಳಲು ಬಿಡುವುದಿಲ್ಲ. ನಿಮ್ಮ ವಿಳಾಸ ನಿಮ್ಮ ಪುಸ್ತಕದ ಹಿಂಬದಿಯಲ್ಲಿ ಫೋಟೋದ ಕೆಳಗೆ ಸಿಕ್ಕಿತು, ಅದಕ್ಕೆ ಪತ್ರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ‘ನೂರಾ ಎಂಟು ಇಂಗ್ಲಿಷ್ ನುಡಿಗಟ್ಟುಗಳು’ ನಮ್ಮ ತರಗತಿಯಲ್ಲಿ ಎಲ್ಲರ ಹತ್ತಿರವೂ ಇದೆ. ಅದರಲ್ಲಿ ಅರವತ್ಮೂರನೆಯದು ‘ಬ್ಲ್ಯಾಕ್ ಶೀಪ್’. ಮನೆತನಕ್ಕೆ ಕೆಟ್ಟ ಹೆಸರು ತಂದವನು ಎಂದು ಅರ್ಥ ಕೊಟ್ಟಿದ್ದೀರಿ. ಕೆಳಗೆ ಉದಾಹರಣೆ: ‘ಗೌರೀಶ್ ಈಸ್ ದ ಬ್ಲ್ಯಾಕ್ ಶೀಪ್ ಆಫ್ ಅವರ್ ಫ್ಯಾಮಿಲಿ.’ ಈ ಗೌರೀಶ ಯಾರು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಇಡೀ ತರಗತಿ ಒಟ್ಟಿಗೆ ಕೂಗಿ ಬಾಯಿಪಾಠ ಮಾಡುವಾಗ ನಾನು ಬಾಯಿ ಮಾತ್ರ ಆಡಿಸುತ್ತೇನೆ.

ಈ ಪುಸ್ತಕ ತಂದುಕೊಟ್ಟಿದ್ದೇ ಅಪ್ಪ. ಕಲಘಟಗಿಯಲ್ಲಿ ಅಂಗಡಿ ಮುಂದೆ ನಿಮ್ಮ ಫೋಟೋ ಕಂಡು ಎರಡು ಪ್ರತಿ ತಂದ. ಒಂದು ನನ್ನ ಹತ್ತಿರ ಇದೆ, ಇನ್ನೊಂದು ನಮ್ಮ ಹಿಟ್ಟಿನ ಗಿರಣಿಯಲ್ಲಿ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ತನ್ನ ಹೆಸರಿನ ಅಕ್ಷರ ಗುರುತು ಸಿಗುತ್ತದೆ. ಹಿಟ್ಟು ಕೂಡಬಾರದು ಅಂತ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಟ್ಟಿದ್ದಾನೆ. ಬೀಸಲು ಬಂದವರಿಗೆ ಆ ಪುಟ ತೆಗೆದು ತೋರಿಸುತ್ತಾನೆ: “ನಮ್ಮಣ್ಣ ಸಂಶ್ಯಾಗ ಇಂಗ್ಲಿಷ್ ಮಾಸ್ತರ ಇದ್ದ. ಪುಸ್ತಕ ಬರದಾನ. ಇಲ್ನೋಡ್ರಿ, ಇದು ನನ್ನ ಹೆಸರು.” ನೀವು ಏನೋ ಒಳ್ಳೆಯದನ್ನೇ ಬರೆದಿದ್ದೀರಿ ಎಂದು ಅವನು ತಿಳಿದಿದ್ದಾನೆ. ನಾನು ಹೇಳಿಲ್ಲ. ಹೇಳಲು ನನಗೆ ಆಗುವುದಿಲ್ಲ.

ಡಿಸೆಂಬರಿನಲ್ಲಿ ಎರಡನೆಯ ಮುದ್ರಣ ಬರುತ್ತದೆ, ಸಂಶಿಯಲ್ಲಿ ಬಿಡುಗಡೆ ಇದೆ ಎಂದು ನಮ್ಮ ಶಗುಫ್ತಾ ಮೇಡಂ ಹೇಳಿದರು. ಅಪ್ಪನಿಗೂ ಸುದ್ದಿ ಮುಟ್ಟಿದೆ. ಬರುತ್ತೇನೆ ಅನ್ನುತ್ತಿದ್ದಾನೆ. ಅಲ್ಲಿ ನಾಲ್ಕು ಜನರ ಮುಂದೆ ಯಾರಾದರೂ ಅರ್ಥ ಹೇಳಿಬಿಟ್ಟರೆ ಏನು ಗತಿ? ಆ ವಾಕ್ಯ ತೆಗೆಯಿರಿ. ಇಷ್ಟೇ ನನ್ನ ವಿನಂತಿ.

ಇನ್ನೊಂದು ಮಾತು. ಬಂದ ಪತ್ರಗಳನ್ನು ವಾರ್ಡನ್ ಒಡೆದು ಮೇಲೆ ಮೇಲೆ ನೋಡುತ್ತಾರೆ. ಇಂಗ್ಲಿಷ್ ಕಲಿಯಲು ಲೇಖಕರಿಗೆ ಬರೆಯುತ್ತಿದ್ದೇನೆ ಎಂದು ಹೇಳಿದ್ದೇನೆ. ಆದ್ದರಿಂದ ಉತ್ತರದ ಮೊದಲ ಅರ್ಧ ಪಾಠವಿರಲಿ. ನನ್ನ ಪ್ರಶ್ನೆ: ಗೆಳತಿ ಜಾರಿಬಿದ್ದು ಕೈ ಮುರಿದುಕೊಂಡಳು. ‘ಶಿ ಈಸ್ ಅಂಡರ್ ದ ವೆದರ್’ ಎಂದು ಮೇಡಂಗೆ ಹೇಳಿದೆ. ಅವರು ನಕ್ಕರು. ಯಾಕೆ?

ಇಂತಿ,
ಶೈಲಶ್ರೀ


ಸಂಶಿ
2-8-2024

ಚಿ. ಶೈಲಶ್ರೀ,

ಮೊದಲು ಪಾಠ. ‘ಅಂಡರ್ ದ ವೆದರ್’ ಎಂದರೆ ಮೈಗೆ ಹುಷಾರಿಲ್ಲ ಎಂದು. ನೆಗಡಿ, ಮೈಕೈ ನೋವು, ಸಣ್ಣ ಜ್ವರ, ಇಂಥವಕ್ಕೆ ಸರಿ. ಎಲುಬು ಮುರಿದವರಿಗೆ ಹಾಗೆ ಅಂದರೆ ನಿನ್ನ ಗೆಳತಿಯ ನೋವನ್ನು ನೀನು ನೆಗಡಿ ಮಾಡಿದಂತಾಯಿತು. ಅರ್ಥ ಬಾಯಿಪಾಠ ಮಾಡುವವರು ಸಾವಿರ ಜನ ಸಿಗುತ್ತಾರೆ. ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದು ಎಂದು ತಿಳಿದವರು ಕಡಿಮೆ.

ಇನ್ನು ನನ್ನ ಪುಸ್ತಕದ ವಿಷಯ. ಮೂವತ್ತೊಂದು ವರ್ಷ ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಗೈಡುಗಳಲ್ಲಿ ಜಾನ್ ಅದು ಮಾಡಿದ, ಮೇರಿ ಇದು ಮಾಡಿದಳು ಎಂದು ಬರೆದಿರುತ್ತಾರೆ. ಆ ಜಾನ್ ಯಾರೋ, ಮೇರಿ ಯಾರೋ, ನಮ್ಮ ಹುಡುಗರ ತಲೆಗೆ ಹೋಗುವುದಿಲ್ಲ. ಅದಕ್ಕೆ ನಾನು ಮೊದಲಿನಿಂದಲೂ ಒಂದು ಪದ್ಧತಿ ಇಟ್ಟುಕೊಂಡೆ. ಉದಾಹರಣೆಯಲ್ಲಿ ಬರುವ ಮನುಷ್ಯ ಖರೇ ಇರಬೇಕು, ಹುಡುಗರು ಕಂಡವನಿರಬೇಕು, ಸಂಗತಿ ನಡೆದದ್ದಿರಬೇಕು. ಟೇಲರ್ ಖಾಜಾಸಾಬ ಹಬ್ಬ ಹತ್ತಿರ ಬಂದಾಗ ನಿದ್ದೆಗೆಟ್ಟು ಹೊಲಿಯುತ್ತಾನೆ, ‘ಬರ್ನ್ಸ್ ದ ಮಿಡ್‌ನೈಟ್ ಆಯಿಲ್’. ಖಾಸಿಂಬಿಗೆ ನೂರು ರೊಟ್ಟಿ ಬಡಿಯುವುದು ‘ಎ ಪೀಸ್ ಆಫ್ ಕೇಕ್’. ನಿನ್ನ ದೊಡ್ಡವ್ವ ನೀಲಕ್ಕ ತವರಿಗೆ ಹೋಗುವುದು ‘ಒನ್ಸ್ ಇನ್ ಎ ಬ್ಲೂ ಮೂನ್’, ಅಪರೂಪಕ್ಕೊಮ್ಮೆ. ಅದನ್ನು ಓದಿಸಿಕೊಂಡ ಮೇಲೆ ಆಕೆ ಒಂದೇ ತಿಂಗಳಲ್ಲಿ ಮೂರು ಸಲ ಹೋಗಿಬಂದಳು, ಅದು ಬೇರೆ ಮಾತು.

ಊರಲ್ಲಿ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಉಲ್ಟಾ, “ಸರ, ನನ್ನ ಹೆಸರು ಯಾವದಕ್ಕ ಹಾಕ್ತೀರಿ?” ಎಂದು ಮನೆತನಕ ಬಂದು ಕೇಳಿದವರಿದ್ದಾರೆ.

ಅರವತ್ಮೂರನೆಯದೂ ಹಾಗೆಯೇ ಬಂದದ್ದು. ಆ ವಾಕ್ಯ ಖರೇ ಇದೆ. ಖರೇ ಇದ್ದದ್ದನ್ನು ಓದುವವರಿಗೆ ಬೇಸರವಾಗುತ್ತದೆ ಎಂದು ತೆಗೆದರೆ ನನ್ನ ಪುಸ್ತಕಕ್ಕೂ ಗೈಡಿಗೂ ಏನು ಫರಕು? ನಿನ್ನ ಅಪ್ಪ ಏನು ಮಾಡಿದ ಎಂದು ನೀನು ಕೇಳಬೇಡ, ನಾನೂ ಬರೆಯುವುದಿಲ್ಲ.

ಅಕ್ಷರ ಚೆನ್ನಾಗಿದೆ. ಓದು ಬಿಡಬೇಡ.

ಆಶೀರ್ವಾದಗಳೊಂದಿಗೆ,
ಮಡಿವಾಳೆಪ್ಪ


ವಸತಿ ಶಾಲೆ
ರವಿವಾರ, 18-8-2024

ದೊಡ್ಡಪ್ಪನವರಿಗೆ,

ಮೊದಲು ಪಾಠ. ‘ಎ ಪೀಸ್ ಆಫ್ ಕೇಕ್’ ಎಂದು ಪರೀಕ್ಷೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಬರೆಯುವ ಅರ್ಜಿಯಲ್ಲಿ ಬರೆಯಬಹುದೇ? ‘ಬ್ಲ್ಯಾಕ್ ಶೀಪ್’ ಯಾರು ಯಾರಿಗೆ ಹೇಳುವ ಮಾತು? ಅದನ್ನು ನಾನು ನನ್ನ ಬಗ್ಗೆಯೇ ಹೇಳಿಕೊಳ್ಳಬಹುದೇ?

ಪಾಠ ಮುಗಿಯಿತು. ನೀವು ಕೇಳಬೇಡ ಎಂದಿರಿ, ಆದರೂ ಕೇಳುತ್ತೇನೆ. ನನ್ನ ಅಪ್ಪ ಕುಡಿಯುವುದಿಲ್ಲ. ಯಾರ ಜೊತೆಗೂ ಜಗಳ ತೆಗೆಯುವುದಿಲ್ಲ. ಕರೆಂಟ್ ಹೋಗಿ ಬೀಸುವುದು ನಿಂತರೆ, ದೂರದಿಂದ ಬಂದ ಮುದುಕಿಯರ ಡಬ್ಬಿಗಳನ್ನು ಆಮೇಲೆ ತಾನೇ ಅವರ ಮನೆಗೆ ಮುಟ್ಟಿಸಿ ಬರುತ್ತಾನೆ. ಹದಿನೈದು ವರ್ಷದಿಂದ ನಾನು ನೋಡಿದ ಮನುಷ್ಯ ಇವನು. ನೀವು ಬರೆದ ಗೌರೀಶ ಯಾವ ಗೌರೀಶ? ಮೂರು ಸಾವಿರ ಪ್ರತಿ ಅಚ್ಚು ಹಾಕಿಸಿ ಇಡೀ ಜಿಲ್ಲೆಗೆ ಹೇಳಿದ ಮಾತನ್ನು ಅವನ ಮಗಳಿಗೆ ಹೇಳುವುದಿಲ್ಲ ಅಂದರೆ ಹೇಗೆ?

ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ಅದನ್ನೂ ಬರೆದುಬಿಡುತ್ತೇನೆ.

ಶೈಲಶ್ರೀ


ಸಂಶಿ
10-9-2024

ಚಿ. ಶೈಲಶ್ರೀ,

ಅರ್ಜಿಯಲ್ಲಿ ಬರೆಯಬೇಡ. ‘ಪೀಸ್ ಆಫ್ ಕೇಕ್’ ಗೆಳತಿಯರ ನಡುವೆ ಆಡುವ ಮಾತು. ದೊಡ್ಡವರಿಗೆ ಬರೆಯುವಾಗ ‘ಸುಲಭ’ ಎಂದು ಸಾದಾ ಬರೆದರೆ ಸಾಕು. ‘ಬ್ಲ್ಯಾಕ್ ಶೀಪ್’ ಎಂಬುದನ್ನು ಸಾಮಾನ್ಯವಾಗಿ ಮನೆಯವರು ತಮ್ಮಲ್ಲೊಬ್ಬನ ಬಗ್ಗೆ ಹೇಳುತ್ತಾರೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವವರು ಇಲ್ಲವೆಂದಲ್ಲ, ಆದರೆ ಅದು ನಗೆಗೆ. ಬೀದಿಯ ಜನ ಹೇಳಿದರೆ ಬೈಗುಳವಾಗುತ್ತದೆ.

ನಿನ್ನ ಪತ್ರವನ್ನು ನೀಲಕ್ಕನಿಗೆ ಓದಿ ಹೇಳಿದೆ. “ಕೂಸು ಕೇಳಿದ್ದರಾಗ ತಪ್ಪೇನೈತ್ರಿ, ಹೇಳ್ರಿ” ಎಂದಳು. ಅದಕ್ಕೆ ಬರೆಯುತ್ತಿದ್ದೇನೆ.

2006ರ ಮಾತು. ನಿನ್ನ ಅಪ್ಪನಿಗೂ ನೀಲಕ್ಕನ ತಂಗಿಗೂ ಸಂಬಂಧ ಕೂಡಿತ್ತು. ನಿಶ್ಚಯದ ದಿನ ಇನ್ನೂರು ಜನ ಬಂದು ಕೂತಿದ್ದರು. ಅಯ್ಯನವರು ಬಂದಿದ್ದರು, ಅಡಿಗೆ ಆಗಿತ್ತು. ಹುಡುಗನೇ ಇಲ್ಲ. ಸಂಜೆಗೆ ಸುದ್ದಿ ಬಂತು, ಗೌರೀಶ ಕಲಘಟಗಿಯಲ್ಲಿ ಸುನೀತಾ ಎಂಬವಳನ್ನು ರಜಿಸ್ಟರ್ ಮದುವೆ ಆದ ಎಂದು. ಸುನೀತಾ ಎಂದರೆ ನಿನ್ನ ಅವ್ವ. ಆಕೆಯ ಬಗ್ಗೆ ನನಗೇನೂ ಇಲ್ಲ. ಆದರೆ ಹಿಂದಿನ ದಿನ ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ? ಬೀಗರ ಮುಂದೆ ಕೈ ಕಟ್ಟಿಕೊಂಡು ನಿಂತವನು ನಾನು. ನನ್ನ ಹೆಂಡತಿ ಎರಡು ವರ್ಷ ತವರಿನ ಮುಖ ನೋಡಲಿಲ್ಲ.

ಅದನ್ನಾದರೂ ಮರೆಯಬಹುದಿತ್ತು. 2015ರಲ್ಲಿ ನಮ್ಮ ಅವ್ವ, ನಿನ್ನ ಅಜ್ಜಿ ಗುರವ್ವ, ತೀರಿಕೊಂಡಳು. ಅವನು ಹೆತ್ತ ತಾಯಿಯ ಮಣ್ಣಿಗೆ ಬರಲಿಲ್ಲ. ಊರೆಲ್ಲ ನೋಡಿದೆ. ಇಂಥವನಿಗೆ ಇಂಗ್ಲಿಷಿನಲ್ಲಿ ಇರುವುದು ಅದೊಂದೇ ಶಬ್ದ. ನಾನು ಸುಳ್ಳು ಬರೆಯುವವನಲ್ಲ.

ಕೇಳಿದೆ, ಹೇಳಿದ್ದೇನೆ. ಇನ್ನು ನಿನ್ನ ಅಭ್ಯಾಸದ ಕಡೆ ಲಕ್ಷ್ಯ ಕೊಡು.

ಮಡಿವಾಳೆಪ್ಪ


ವಸತಿ ಶಾಲೆ
22-10-2024

ದೊಡ್ಡಪ್ಪನವರಿಗೆ,

ಈ ಸಲ ಪಾಠ ಇಲ್ಲ. ಈ ಪತ್ರವನ್ನು ಶಗುಫ್ತಾ ಮೇಡಂ ಕೈಯಲ್ಲಿ ಕೊಟ್ಟು ಪೋಸ್ಟ್ ಮಾಡಿಸುತ್ತಿದ್ದೇನೆ.

ದಸರೆ ರಜೆಗೆ ಊರಿಗೆ ಹೋಗಿದ್ದೆ. ನಿಶ್ಚಯದ ದಿನದ ಸಂಗತಿ ಅವ್ವನನ್ನು ಕೇಳಿದೆ. ಖರೇ ಎಂದಳು. “ನಿಮ್ಮಪ್ಪಗ ಅಣ್ಣನ ಮುಂದ ನಿಂತು ಮಾತಾಡೂ ಧೈರ್ಯ ಇರಲಿಲ್ಲ, ಓಡಿಬಂದ. ಅದು ತಪ್ಪ” ಎಂದಳು. ಆದ್ದರಿಂದ ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ. ನಿಮ್ಮ ಸಿಟ್ಟು ಸರಿಯೇ ಇತ್ತು.

ಇನ್ನೊಂದು ಸಂಗತಿಯನ್ನು ಗಿರಣಿಗೆ ಹೋಗಿ ಅಪ್ಪನನ್ನೇ ಕೇಳಿದೆ. ಪುಸ್ತಕದ ಮಾತು ತೆಗೆಯಲಿಲ್ಲ. “ಅಜ್ಜಿ ಸತ್ತಾಗ ನೀ ಯಾಕ ಹೋಗಲಿಲ್ಲಪ್ಪಾ?” ಎಂದೆ, ಅಷ್ಟೇ. ಅಪ್ಪ ಸ್ವಿಚ್ ಆರಿಸಿದ. ಒಬ್ಬರ ಜೋಳ ಅರ್ಧ ಬೀಸಿತ್ತು, ಅವರು ಅಲ್ಲೇ ನಿಂತಿದ್ದರು. ಅಪ್ಪ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ: “ನನಗ ಯಾರೂ ಹೇಳಲಿಲ್ಲವಾ. ಮೂರು ದಿನ ಆದ ಮ್ಯಾಲ ಕಂಡಕ್ಟರ್ ದಾವೂದಸಾಬ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕು ಹೇಳಿದ. ಅವ ಪಾಪ ನನಗ ಗೊತ್ತೈತಿ ಅಂತ ತಿಳಕೊಂಡಿದ್ದ.” ಆಮೇಲೆ ಸ್ವಿಚ್ ಹಾಕಿದ. ಗಿರಣಿಯ ಸಪ್ಪಳದಲ್ಲಿ ಮತ್ತೆ ಏನೂ ಕೇಳಲಿಲ್ಲ.

ದೊಡ್ಡಪ್ಪ, ಮಣ್ಣಿಗೆ ಬರುವಂತೆ ಅಪ್ಪನಿಗೆ ಯಾರು ಹೇಳಬೇಕಿತ್ತು? ಹೇಳಿ ಕಳಿಸಿದ್ದಿರಾ, ಇಲ್ಲವಾ? ಇದಕ್ಕೆ ಹೌದು ಅಥವಾ ಇಲ್ಲ ಅಂತ ಬರೆದರೆ ಸಾಕು. ನೀವು ಸುಳ್ಳು ಬರೆಯುವವರಲ್ಲ ಎಂದು ಹಿಂದಿನ ಪತ್ರದಲ್ಲಿ ಹೇಳಿದ್ದೀರಿ, ನಾನು ನಂಬುತ್ತೇನೆ.

ಶೈಲಶ್ರೀ


ಸಂಶಿ
29-10-2024
(ಕಾರ್ಡು)

ಚಿ. ಶೈಲಶ್ರೀ,

ಇಲ್ಲ.

ಮುಂದಿನದನ್ನು ನಿನಗಲ್ಲ, ನಿನ್ನ ಅಪ್ಪನಿಗೆ ಬರೆಯಬೇಕು. ನಾಲ್ಕು ಸಲ ಬರೆದು ಹರಿದೆ.

ಮ.


ಸಂಶಿ
9-11-2024

ತಮ್ಮ ಗೌರೀಶನಿಗೆ,

ನಿನಗೆ ಪತ್ರ ಬರೆಯುವಾಗ ಹೇಗೆ ಸುರು ಮಾಡಬೇಕು ಎಂಬುದೇ ಮರೆತಿದೆ. ಮಕ್ಕಳಿಗೆ ಪತ್ರಲೇಖನ ಕಲಿಸಿದವನ ಹಣೆಬರಹ ಇದು.

ನಿನ್ನ ಮಗಳು ಜುಲೈದಿಂದ ನನಗೆ ಪತ್ರ ಬರೆಯುತ್ತಿದ್ದಾಳೆ. ನಿನಗೆ ಗೊತ್ತಿಲ್ಲ, ಅವಳನ್ನು ಬೈಯಬೇಡ. ನೀನು ಗಿರಣಿಯಲ್ಲಿ ಇಟ್ಟುಕೊಂಡಿರುವ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ನಾನು ಬರೆದದ್ದು ಒಳ್ಳೆಯ ಮಾತಲ್ಲ. ಮನೆತನಕ್ಕೆ ಕೆಟ್ಟ ಹೆಸರು ತಂದವನು ಎಂದು ಅದರ ಅರ್ಥ. ಅದನ್ನು ನಿನ್ನಿಂದ ಮುಚ್ಚಿಡಲು ಆ ಹುಡುಗಿ ನಾಲ್ಕು ತಿಂಗಳಿಂದ ನನ್ನ ಜೊತೆ ಹೊಡೆದಾಡುತ್ತಿದ್ದಾಳೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ಹೇಳಬೇಕು ಅನಿಸಿತು.

ನಿಶ್ಚಯದ ದಿನದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನೀಲಕ್ಕನ ತಂಗಿಗೆ ಮಾತ್ರ ಹೋಗಿದೆ. ಅಣ್ಣಿಗೇರಿಯಲ್ಲಿ ಮೂರು ಮಕ್ಕಳೊಂದಿಗೆ ಆರಾಮ ಇದ್ದಾಳೆ. ಬಂದಾಗೊಮ್ಮೆ “ಗೌರೀಶ ಹೆಂಗದಾನ?” ಎಂದು ನನ್ನನ್ನೇ ಕೇಳುತ್ತಾಳೆ.

ಈಗ ಹೇಳಬೇಕಾದ್ದು. ಅವ್ವ ಹಾಸಿಗೆ ಹಿಡಿದಾಗ ನಿನ್ನ ನಂಬರು ನನ್ನ ಹತ್ತಿರ ಇತ್ತು. ದಾವೂದಸಾಬನ ಕಡೆಯಿಂದ ಇಸಿದುಕೊಂಡಿದ್ದೆ, ಅವ್ವನಿಗೆ ಹೆಚ್ಚು ಕಡಿಮೆ ಆದರೆ ಹೇಳಬೇಕೆಂದೇ. ಕೊನೆಯ ಎರಡು ದಿನ ಅವ್ವ ಒಂದೇ ಸಮ ನಿನ್ನ ಹೆಸರು ಹೇಳಿದಳು. ಗೌರ್ಯಾ ಬಂದನೇನು, ಗೌರ್ಯಾ ಉಂಡನೇನು. ಬಾಜು ಕೂತು ನೀರು ಹಾಕಿದವನು ನಾನು, ಮೈ ಒರೆಸಿದವಳು ನೀಲಕ್ಕ. ಒಂದು ಸಲವಾದರೂ ನನ್ನ ಹೆಸರು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಐವತ್ತೆರಡು ವರ್ಷದ ಮನುಷ್ಯನಿಗೆ ಹೊಟ್ಟೆಕಿಚ್ಚು ಬಂತು, ಗೌರೀಶ. ಆಕೆ ಜೀವ ಬಿಟ್ಟಾಗ ಫೋನು ಕೈಯಲ್ಲಿತ್ತು. ನಾನು ಮಾಡಲಿಲ್ಲ.

ಮಣ್ಣಿಗೆ ಬಂದವರೆಲ್ಲ “ಸಣ್ಣಾವ ಬರಲಿಲ್ಲೇನ್ರಿ?” ಎಂದು ಕೇಳಿದರು. “ಹೇಳಿ ಕಳಿಸೀನಿ, ಬಂದಿಲ್ಲ” ಎಂದೆ. ಮೊದಲನೆಯವರಿಗೆ ಹೇಳುವಾಗ ನಾಲಿಗೆ ತಡವರಿಸಿತು. ಹತ್ತನೆಯವರಿಗೆ ಸರಾಗ ಬಂತು. ವರ್ಷ ಕಳೆಯುವಷ್ಟರಲ್ಲಿ ನನಗೇ ಅದು ಖರೇ ಅನಿಸತೊಡಗಿತ್ತು. ಪುಸ್ತಕ ಬರೆಯುವಾಗ ಅರವತ್ಮೂರಕ್ಕೆ ಯಾರ ಹೆಸರು ಹಾಕಲಿ ಎಂದು ನಾನು ವಿಚಾರವನ್ನೇ ಮಾಡಲಿಲ್ಲ.

ನೂರಾ ಎಂಟು ವಾಕ್ಯಗಳಲ್ಲಿ ಒಂದೂ ಸುಳ್ಳಿಲ್ಲ ಎಂದು ಮುನ್ನುಡಿಯಲ್ಲಿ ಬರೆದಿದ್ದೇನೆ. ಇದೆ. ನಿನ್ನ ಮೇಲೆ ಹೊರಿಸಿದ್ದು ನನ್ನ ತಪ್ಪು.

ಪ್ರೆಸ್ಸಿನವರಿಗೆ ಹೇಳಿ ಆ ವಾಕ್ಯ ತೆಗೆಸಿದ್ದೇನೆ. ಅರವತ್ಮೂರರಲ್ಲಿ ಅರ್ಥ ಇದೆ, ಕೆಳಗೆ ಜಾಗ ಖಾಲಿ ಇದೆ. ನನ್ನ ಹೆಸರು ಹಾಕಬೇಕೆಂದಿದ್ದೇನೆ. ನೀನು ಹೂಂ ಅಂದರೆ ಹಾಗೆ, ಬೇರೆ ಏನಾದರೂ ಹೇಳಿದರೆ ಹಾಗೆ. ಇಪ್ಪತ್ತೈದನೆಯ ತಾರೀಖಿನ ತನಕ ಕಾಯುತ್ತಾರೆ.

ಕ್ಷಮಿಸು ಎಂದು ಬರೆಯಲು ಧೈರ್ಯ ಸಾಲದು. ಬರೆದಿದ್ದೇನೆ ಎಂದು ತಿಳಿ.

ನಿನ್ನ ಅಣ್ಣ,
ಮಡಿವಾಳೆಪ್ಪ


ತಂಬೂರ
17-11-2024

ಅಣ್ಣಾ,

ನಿನ್ನ ಪತ್ರ ಮುಟ್ಟಿತು. ನಿನ್ನಂಗ ಬರಿಯಾಕ ನನಗ ಬರೂದಿಲ್ಲ, ಮಾತಾಡಿದಂಗ ಬರಿತೀನಿ.

ಆ ವಾಕ್ಯದ ಅರ್ಥ ಪುಸ್ತಕ ತಂದ ದಿನಾನ ನನಗ ಗೊತ್ತಾಗೇತಿ. ಪೋಸ್ಟ್ ಮಾಸ್ತರ ಸಾಧಿಕ್ ಅವರು ಗೋದಿ ಬೀಸಾಕ ತಂದಿದ್ರು. ನನ್ನ ಹೆಸರು ಕಂಡ ಖುಷಿಗೆ ಅವರ ಕೈಯಾಗ ಕೊಟ್ಟು ಓದ್ರಿ ಅಂದೆ. ಓದಿದವರ ಮಾರಿ ಸಣ್ಣದಾತು. “ಚಲೋ ಬರದಾರ್ರಿ” ಅಂದ್ರು. “ಖರೇ ಹೇಳ್ರಿ” ಅಂದೆ. ಹೇಳಿದ್ರು. ಆ ದಿನ ನಾ ಊಟ ಮಾಡಲಿಲ್ಲ. ಸುನೀತಾ ಕೇಳಿದ್ಲು, ಹೊಟ್ಟಿ ಸರಿ ಇಲ್ಲ ಅಂದೆ.

ಮರುದಿನ ಪುಸ್ತಕ ತಗೊಂಡು ಪೋಸ್ಟಾಫೀಸಿಗೆ ಹೋದೆ. ಒಂದೊಂದ ಶಬ್ದ ಬಿಡಿಸಿ ಹೇಳ್ರಿ ಅಂದೆ. ಇದು ನಿಮ್ಮ ಹೆಸರು, ಇದು ಕರೇದು, ಇದು ಕುರಿ ಅಂದ್ರು. ಕಡೀಕ ಇನ್ನೆರಡು ಉಳಿದಿದ್ದುವು, ಇವು ಏನ್ರಿ ಅಂದೆ. “ನಮ್ಮ ಮನಿತನ” ಅಂದ್ರು.

ಅಣ್ಣಾ, ರೇಷನ್ ಕಾರ್ಡಿನ್ಯಾಗಿಂದ ನನ್ನ ಹೆಸರು ತಗಿಸಿದಿ. ಅವ್ವನ ವರ್ಷದ ಪುಣ್ಯಸ್ಮರಣಿ ಪೇಪರಿನ್ಯಾಗ ಹಾಕಿಸಿದಿ, ಅದರಾಗ ಮೊಮ್ಮಕ್ಕಳು, ಅಳಿಯಂದ್ರು, ಎಲ್ಲಾರೂ ಇದ್ರು, ನಾ ಇರಲಿಲ್ಲ. ಹದಿನೆಂಟು ವರ್ಷದಾಗ ನನ್ನ ಹೆಸರೂ ನಮ್ಮ ಮನಿತನ ಅನ್ನೂದೂ ನೀ ಒಂದ ಸಾಲಿನ್ಯಾಗ ಬರದದ್ದು ಇದೊಂದ. ನಡುವಿನ ಶಬ್ದ ಏನರ ಇರಲಿ ಬಿಡು ಅಂತ ನಾ ಅದನ್ನ ಮಂದಿಗೆ ತೋರಿಸಿಕೋತ ಬಂದೆ. ಓದಾಕ ಬರೂದಿಲ್ಲ ಅಂದವರಿಗೆ ಅಷ್ಟ ತೋರಸ್ತಿದ್ದೆ.

ಅದಕ್ಕ ವಾಕ್ಯ ತಗೀಬ್ಯಾಡ. ನಿನ್ನ ಹೆಸರೂ ಹಾಕಬ್ಯಾಡ, ನೀಲಕ್ಕವೈನಿಗೆ ಚಲೋ ಅನಸೂದಿಲ್ಲ. ಹೆಂಗಿತ್ತು ಹಂಗ ಇರಲಿ. ನಿಶ್ಚಯದ ದಿನ ನಾ ಓಡಿಹೋಗಿದ್ದು ಸುಳ್ಳಲ್ಲ, ಅಷ್ಟಕ್ಕ ಆ ಶಬ್ದ ನನಗ ಸಲ್ಲತೈತಿ. ನನ್ನ ಮಗಳಿಗೆ ನಾನ ತಿಳಿಸಿ ಹೇಳ್ತೀನಿ. ಆಕಿ ನನ್ನ ಕಾಯಾಕ ಹೋಗಿ ನಾಕು ತಿಂಗಳು ತಾನ ಸಂಕಟ ಪಟ್ಟಾಳ, ಅದನ್ನ ಓದಿ ಕಣ್ಣೀರು ಬಂತು.

ಅವ್ವ ನನ್ನ ಹೆಸರು ಹೇಳಿದ್ದು ನೀ ಬರೀಲಾರದ ಇದ್ರೂ ನಡೀತಿತ್ತು. ಬರದಿ. ಒಂಬತ್ತು ವರ್ಷ ನಾ ಅದನ್ನ ತಿಳೀಲಾರದ ಇದ್ದೆ. ಇದಕ್ಕ ನಿನ್ನ ಮ್ಯಾಲ ಸಿಟ್ಟು ಮಾಡಲ್ಯೋ, ಉಪಕಾರ ಅನ್ಲ್ಯೋ, ಇನ್ನೂ ತಿಳಿವಲ್ದು. ಎರಡೂ ಐತಿ.

ಬಿಡುಗಡಿಗೆ ನಾ ಬರೂದಿಲ್ಲ, ಅಷ್ಟ ಮಂದ್ಯಾಗ ನನಗ ಮಾತ ಬರೂದಿಲ್ಲ. ಇದ ಬರೂ ರವಿವಾರ ಇಪ್ಪತ್ನಾಕಕ್ಕ ಮುಂಜಾನಿ ಬಸ್ಸಿಗೆ ಸುನೀತಾನ ಕರಕೊಂಡ ಬರ್ತೀನಿ. ಮನಿಗೆ ಆಮ್ಯಾಲ ಬರ್ತೀವಿ. ಮೊದಲ ನೀ ಹೊಲಕ್ಕ ಬಾ. ಅವ್ವ ಹೋದ ಮ್ಯಾಲ ನಾ ಎರಡು ಸಲ ಯಾರಿಗೂ ಹೇಳಲಾರದ ಹೊಲಕ್ಕ ಬಂದು ಬದುವಿನ ಮ್ಯಾಲ ನಿಂತು ಹೋಗೀನಿ. ಒಂದ್ಸಲ ಮೆಣಸಿನ ಗಿಡ ಇದ್ದುವು, ಇನ್ನೊಂದ್ಸಲ ಕಡ್ಲಿ. ಅಲ್ಲೆ ಒಂದ ಕಲ್ಲೂ ಇರಲಿಲ್ಲ. ಆಕಿನ್ನ ಎಲ್ಲೆ ಮಣ್ಣ ಮಾಡೀರಿ ಅಂತ ನನಗ ಗೊತ್ತಾಗಲಿಲ್ಲ. ಜಾಗಾ ತೋರಸು.

ನಿನ್ನ ತಮ್ಮ,
ಗೌರೀಶ